ತೋರಣಗಲ್ಲು ಸುತ್ತಿನ ಕೆಮ್ಮಣ್ಣಿಗೆ ಯಾವ ಸಸಿ? – ನಾಡ ಮರ, ಹೊರನಾಡ ಮರಗಳ ವಿಚಾರ

ಮೃಗಶಿರಾ ಮಳೆ ಬಿದ್ದ ಮರುದಿನವೇ ನಮ್ಮ ಭಾಗದ ಸಸ್ಯಕ್ಷೇತ್ರಗಳ ಮುಂದೆ ಟ್ರ್ಯಾಕ್ಟರುಗಳು ಬಂದು ನಿಲ್ಲುತ್ತವೆ. ಸಸಿ ಒಯ್ಯಲು ಬಂದ ರೈತರು ಮೊದಲು ಕೇಳುವ ಪ್ರಶ್ನೆ ‘ಯಾವುದು ಬೇಗ ಬರುತ್ತದೆ?’ ಎಂಬುದು. ಯಾವುದು ಉಳಿಯುತ್ತದೆ ಎಂದು ಕೇಳುವವರು ವಿರಳ. ಜೋಳವನ್ನೋ ಶೇಂಗಾವನ್ನೋ ತಪ್ಪಾಗಿ ಆರಿಸಿದರೆ ಒಂದು ಹಂಗಾಮಿನ ನಷ್ಟ. ಮುಂದಿನ ವರ್ಷ ತಿದ್ದಿಕೊಳ್ಳಬಹುದು. ಮರವನ್ನು ತಪ್ಪಾಗಿ ಆರಿಸಿದರೆ ಆ ತಪ್ಪು ತಿಳಿಯುವ ಹೊತ್ತಿಗೆ ಹತ್ತು ಹದಿನೈದು ವರ್ಷ ಕಳೆದಿರುತ್ತದೆ. ಅದರಲ್ಲೂ ಇಂದು ನೆಟ್ಟ ಸಸಿ ದೊಡ್ಡದಾಗಿ ನಿಲ್ಲುವುದು ಇಂದಿನ ಹವೆಯಲ್ಲಲ್ಲ. ಮೂವತ್ತು ನಲವತ್ತು ವರ್ಷಗಳ ನಂತರದ, ಇನ್ನಷ್ಟು ಬಿಸಿಯಾದ ಹವೆಯಲ್ಲಿ. ಆದುದರಿಂದ ಸಸಿಯ ಆಯ್ಕೆಯನ್ನು ಕುರಿತು ಸ್ವಲ್ಪ ವಿವರವಾಗಿ ಯೋಚಿಸುವುದು ಅವಶ್ಯಕ.

ಹವೆ ಬದಲಾದರೆ ಸಸಿಗೆ ಆಗುವುದೇನು?

ತೋರಣಗಲ್ಲು, ಹೊಸಪೇಟೆ, ಕಂಪ್ಲಿ ಸುತ್ತಿನ ಬಯಲು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದ್ದು. ಇಲ್ಲಿ ವರ್ಷಕ್ಕೆ ಸರಾಸರಿ 600 ಮಿ.ಮೀ. ಆಸುಪಾಸಿನ ಮಳೆ. ಸಂಡೂರಿನ ಗುಡ್ಡಗಳ ನಡುವೆ ಇದಕ್ಕಿಂತ ಹೆಚ್ಚು ಬೀಳುತ್ತದೆ. ವರ್ಷದ ಒಟ್ಟು ಮಳೆಯ ಲೆಕ್ಕ ಮಾತ್ರ ನೋಡಿದರೆ ಬದಲಾವಣೆ ಅಷ್ಟಾಗಿ ಕಾಣದಿರಬಹುದು. ಸಸಿಯನ್ನು ಕೊಲ್ಲುವುದು ಒಟ್ಟು ಮಳೆಯಲ್ಲ. ಎರಡು ಮಳೆಗಳ ನಡುವಿನ ಬಿಡುವು. ಮಳೆ ಕೆಲವೇ ದಿನಗಳಲ್ಲಿ ಬಿರುಸಾಗಿ ಸುರಿದು ಹರಿದುಹೋಗುವುದು, ಆಮೇಲೆ ವಾರಗಟ್ಟಲೆ ಮೋಡವೂ ಕಾಣದಿರುವುದು, ಬೇಸಿಗೆಯ ಕಾವು ಏರುವುದು – ಇವು ಮೂರೂ ಕೂಡಿದಾಗ ನೆಲದ ಮೇಲ್ಪದರದ ತೇವ ಬೇಗನೆ ಕೆಳಕ್ಕಿಳಿಯುತ್ತದೆ. ಸಸಿಯ ಬೇರು ಆ ತೇವದ ಬೆನ್ನು ಹತ್ತಿ ಕೆಳಗಿಳಿಯಬೇಕು. ತೇವಕ್ಕಿಂತ ಬೇರು ಹಿಂದೆ ಬಿದ್ದರೆ ಸಸಿ ಒಣಗುತ್ತದೆ. 2022ರಲ್ಲಿ ಒಳ್ಳೆಯ ಮಳೆಯನ್ನು ನಂಬಿ ನೆಟ್ಟವರು 2023ರಲ್ಲಿ ಈ ಪಾಠ ಕಲಿತರು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು.

ಈ ಚಿಂತೆ ನಮ್ಮದೊಂದೇ ಅಲ್ಲ. ಅಮೆರಿಕದ ಉತ್ತರದಲ್ಲಿರುವ ಮಿನ್ನೆಸೋಟ ರಾಜ್ಯದ ಚಳಿಕಾಡುಗಳಲ್ಲಿ ಅಲ್ಲಿನ ಅರಣ್ಯತಜ್ಞರು ಓಕ್ ಮರದ ಸಸಿಗಳನ್ನು ನೆಟ್ಟು ಪರೀಕ್ಷಿಸಿದ್ದಾರೆ. ಅದೇ ಜಾತಿಯ ಓಕ್, ಆದರೆ ಬೀಜ ಮಾತ್ರ ದಕ್ಷಿಣದ ಬೆಚ್ಚನೆಯ ಸೀಮೆಯದು. ಫ್ರಾನ್ಸಿನಲ್ಲಿಯೂ ದಕ್ಷಿಣದ ಓಕ್ ಬೀಜವನ್ನು ಉತ್ತರದ ಕಾಡುಗಳಿಗೆ ಒಯ್ದು ಬೆಳೆಸುವ ಪ್ರಯೋಗ ನಡೆದಿದೆ. ಮರ ತಾನಾಗಿ ನಡೆದು ಹೋಗಲಾರದು. ಬೀಜ ಬಿದ್ದು, ಸಸಿಯಾಗಿ, ಮತ್ತೆ ಬೀಜ ಬಿಟ್ಟು ಮುಂದೆ ಸಾಗುವ ವೇಗಕ್ಕಿಂತ ಹವೆ ಬದಲಾಗುವ ವೇಗ ಹೆಚ್ಚು. ಆದ್ದರಿಂದ ಮನುಷ್ಯನೇ ಬೀಜವನ್ನು ಹೊತ್ತೊಯ್ಯಬೇಕೆಂಬುದು ಅವರ ವಾದ. ಓಕ್ ಮರಗಳು ಹಿಮಾಲಯದಲ್ಲಿಯೂ ಈಶಾನ್ಯ ರಾಜ್ಯಗಳಲ್ಲಿಯೂ ಉಂಟು; ನಮ್ಮ ದಕ್ಷಿಣದ ಪ್ರಸ್ಥಭೂಮಿಯ ಕಾಡುಗಳಲ್ಲಿ ಇಲ್ಲ. ಆದರೆ ಅವರು ಕೇಳಿಕೊಂಡ ಪ್ರಶ್ನೆ ನಮಗೂ ಅನ್ವಯಿಸುತ್ತದೆ. ಊರ ಮರವನ್ನೇ ನೆಡುವುದೋ, ಬಿಸಿಯನ್ನು ತಾಳುವ ಹೊರಗಿನ ಮರವನ್ನು ತರುವುದೋ?

‘ನಾಡ ಮರ’ ಎಂದರೆ ಯಾವುದು?

ಇದನ್ನು ಹೇಳುವುದು ತೋರಿದಷ್ಟು ಸುಲಭವಲ್ಲ. ನಮ್ಮ ಊರ ಮುಂದಿನ ಹುಣಸೆ ಆಫ್ರಿಕಾ ಮೂಲದ್ದು. ಗುಡ್ಡದ ಸಂದಿಗಳಲ್ಲಿ ಕಾಡುಗಿಡದಂತೆ ಬೆಳೆದಿರುವ ಸೀತಾಫಲ ಅಮೆರಿಕ ಖಂಡದ್ದು. ಇವನ್ನು ಪರದೇಶಿ ಎಂದು ಯಾರೂ ಕರೆಯುವುದಿಲ್ಲ, ಕರೆಯಬೇಕಾದ ಅಗತ್ಯವೂ ಇಲ್ಲ. ಇನ್ನೊಂದು ಕಡೆ ಹೆಬ್ಬೇವನ್ನು ನೋಡಿ. ಅದು ನಮ್ಮ ದೇಶದ್ದೇ ಮರ; ಆದರೆ ಹೆಚ್ಚು ತೇವದ ಸೀಮೆಯದು. ‘ನಾಟಿ ಮರ, ಆರೇಳು ವರ್ಷಕ್ಕೆ ಹಣ’ ಎಂಬ ಮಾತನ್ನು ನಂಬಿ ನೀರಿಲ್ಲದ ಗರಸು ನೆಲದಲ್ಲಿ ಹೆಬ್ಬೇವನ್ನು ನೆಟ್ಟವರಿಗೆ ಸಿಗುವುದು ಕೋಲಿನಂಥ ಕಾಂಡಗಳಷ್ಟೆ. ಕಂಪ್ಲಿ ಕಡೆಯ ನೀರಾವರಿ ಜಮೀನಿನ ಅಂಚಿಗೆ ಅದು ಸರಿ; ತೋರಣಗಲ್ಲಿನ ಒಣ ಹೊಲಕ್ಕೆ ಅದೂ ಹೊರನಾಡ ಮರವೇ. ಮರಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮಣ್ಣಿನ ಆಳ, ಮಳೆಯ ಪ್ರಮಾಣ ಮತ್ತು ಬೇಸಿಗೆಯ ಉದ್ದ.

ಬಳ್ಳಾರಿ ಜಾಲಿಯ ಕತೆ

ಹೊರನಾಡ ಮರವೊಂದಕ್ಕೆ ನಮ್ಮ ಜಿಲ್ಲೆಯ ಹೆಸರೇ ಅಂಟಿಕೊಂಡಿರುವುದು ವಿಚಿತ್ರ. ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. 1877ರ ಸುಮಾರಿಗೆ, ಧಾತು ಸಂವತ್ಸರದ ಆ ಭೀಕರ ಬರ ಈ ಸೀಮೆಯನ್ನು ಸುಡುತ್ತಿದ್ದ ಕಾಲದಲ್ಲಿ, ಆಗಿನ ಮದರಾಸು ಪ್ರಾಂತ್ಯದ ಅರಣ್ಯ ಇಲಾಖೆಯವರು ಜಮೈಕಾ ದ್ವೀಪದಿಂದ ಇದರ ಬೀಜ ತರಿಸಿ ಕಡಪಾ ಜಿಲ್ಲೆಯಲ್ಲಿ ಬೆಳೆಸಿದರು. ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಒಣನೆಲಕ್ಕೆ ಹಸಿರು, ಬಡವರ ಒಲೆಗೆ ಸೌದೆ ಎಂಬುದು ಉದ್ದೇಶ. ಆ ಉದ್ದೇಶ ಈಡೇರಿತೆಂಬುದನ್ನು ಒಪ್ಪಲೇಬೇಕು. ಎಷ್ಟೋ ಮನೆಗಳ ಒಲೆ ಉರಿದದ್ದು ಇದರಿಂದ; ಇದ್ದಿಲು ಸುಟ್ಟು ಬದುಕಿದವರೂ ಉಂಟು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಜವುಳು ಹಿಡಿದು ಉಪ್ಪೆದ್ದ ನೆಲದಲ್ಲಿ ಬೇರೇನೂ ಬಾರದ ಕಡೆಯೂ ಇದು ಬಂದಿತು.

ಬರವನ್ನು ಇದು ಹೇಗೆ ತಾಳುತ್ತದೆ? ಮುಖ್ಯವಾಗಿ ಬೇರಿನ ಬಲದಿಂದ. ಅಮೆರಿಕದ ಅರಿಜೋನಾದಲ್ಲಿ ಗಣಿ ಅಗೆಯುವಾಗ ಇದೇ ಕುಲದ ಮರದ ಬೇರು ನೆಲದಿಂದ 53 ಮೀಟರ್ ಆಳದಲ್ಲಿ ಸಿಕ್ಕಿದ್ದು 1963ರಲ್ಲಿ ವರದಿಯಾಯಿತು. ನಮ್ಮ ಎಷ್ಟೋ ತೆರೆದ ಬಾವಿಗಳೂ ಅಷ್ಟು ಆಳವಿಲ್ಲ. ಅದರ ಕಾಯಿ ಸಿಹಿ. ಕುರಿ, ಆಡು, ದನಗಳು ತಿನ್ನುತ್ತವೆ. ಗಟ್ಟಿ ಬೀಜ ಅರಗದೆ ಹಿಕ್ಕೆಯೊಡನೆ ಹೊರಬಿದ್ದು, ಗೊಬ್ಬರದ ನಡುವೆಯೇ ಮೊಳೆಯುತ್ತದೆ. ಕಡಿದರೆ ಬುಡದಿಂದ ಹತ್ತು ಚಿಗುರು. ಅದರ ಪೊದೆಯ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಕೆರೆಯಂಗಳ, ಗೋಮಾಳ, ಹಳ್ಳದ ದಂಡೆಗಳನ್ನು ಅದು ಹೇಗೆ ಆವರಿಸಿದೆ ಎಂಬುದು ಓದುಗರಿಗೆ ಗೊತ್ತೇ ಇದೆ.

ಹೊರಗಿನ ಮರವನ್ನು ತರುವಾಗ ‘ಇದು ಬರ ತಾಳುತ್ತದೆಯೆ?’ ಎಂದು ಮಾತ್ರ ಕೇಳಿದರೆ ಸಾಲದು. ಬರ ತಾಳುವ ಗುಣವೂ ಊರನ್ನು ಆಕ್ರಮಿಸುವ ಗುಣವೂ ಎಷ್ಟೋ ಸಲ ಒಂದೇ ಬೇರಿನವು. ‘ನಮ್ಮ ಹೊಲದಿಂದ ಇದು ಪಕ್ಕದವನ ಹೊಲಕ್ಕೆ ಹೋಗುತ್ತದೆಯೆ?’ ಎಂಬುದನ್ನೂ ಕೇಳಬೇಕು.

ನೀಲಗಿರಿಯ ನೀರಿನ ಲೆಕ್ಕ

ನೀಲಗಿರಿಯ ವಾದವಿವಾದ ನಮ್ಮ ರಾಜ್ಯದಲ್ಲಿ ಬಹಳ ಕಾಲ ನಡೆದಿದೆ. 1987ರ ನವೆಂಬರಿನಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿಯನ್ನು ಕಿತ್ತು ತಮಗೆ ಬೇಕಾದ ಸಸಿಗಳನ್ನು ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಹಿರಿಯ ಓದುಗರಿಗೆ ನೆನಪಿರಬಹುದು. ಅದರ ಮುಂದಿನ ದಶಕದಲ್ಲಿ ಹೊಸಕೋಟೆ ಬಳಿ ಮತ್ತು ಶಿವಮೊಗ್ಗ ಕಡೆಯ ಪುರದಾಳಿನಲ್ಲಿ ನಡೆದ ನೀರಿನ ಅಳತೆಯ ಸಂಶೋಧನೆಗಳಿಂದ ಒಂದು ಉಪಯುಕ್ತ ವಿಷಯ ತಿಳಿದುಬಂದಿತು. ಪುರದಾಳಿನಲ್ಲಿ ಮಣ್ಣಿನ ಆಳ ಕಡಿಮೆ. ಅಲ್ಲಿ ನೀಲಗಿರಿ ಬಳಸಿದ ನೀರು ಸುತ್ತಲಿನ ಎಲೆಯುದುರುವ ನಾಡಕಾಡು ಬಳಸುವ ನೀರಿಗಿಂತ ಹೆಚ್ಚೇನೂ ಇರಲಿಲ್ಲ. ಹೊಸಕೋಟೆಯ ಆಳವಾದ ಮಣ್ಣಿನಲ್ಲಿ ಮಾತ್ರ ಅದು ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತು; ಅಂದರೆ ಹಿಂದಿನ ವರ್ಷಗಳಿಂದ ಮಣ್ಣಿನಲ್ಲಿ ಕೂಡಿದ್ದ ತೇವವನ್ನೂ ಬೇರು ಇಳಿಸಿ ಹೀರಿತು. ಮರ ಒಂದೇ, ನೆಲ ಬೇರೆ, ಫಲ ಬೇರೆ. ‘ನೀಲಗಿರಿ ರಾಕ್ಷಸ’ ಎಂಬ ಮಾತನ್ನೂ ‘ನೀಲಗಿರಿಯಿಂದ ಏನೂ ತೊಂದರೆಯಿಲ್ಲ’ ಎಂಬ ಮಾತನ್ನೂ ಈ ಲೆಕ್ಕದ ಮುಂದಿಟ್ಟು ನೋಡಬೇಕು. ರಾಜ್ಯ ಸರ್ಕಾರ 2017ರಲ್ಲಿ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಹೊರನಾಡ ಮರಕ್ಕೆ ಇನ್ನೊಂದು ಅಪಾಯವುಂಟು. ಅದರ ಶತ್ರು ಹಿಂದಿನಿಂದ ಬರುತ್ತದೆ. ಸುಬಾಬುಲ್ ಒಂದು ಕಾಲಕ್ಕೆ ಅದ್ಭುತ ಮರವೆಂದು ಹೆಸರಾಗಿತ್ತು. ನಮ್ಮಂಥ ವಿಸ್ತರಣಾ ಪತ್ರಿಕೆಗಳೂ ಅದನ್ನು ಹೊಗಳಿದವು. 1988ರಲ್ಲಿ ಅದರ ಚಿಗುರು ಹೀರುವ ಸಿಲ್ಲಿಡ್ ಕೀಟ ಭಾರತಕ್ಕೆ ಕಾಲಿಟ್ಟ ಮೇಲೆ ಆ ಉತ್ಸಾಹ ಇಳಿಯಿತು. ಹಾಗೆಂದು ನಾಡ ಮರಕ್ಕೆ ರೋಗವಿಲ್ಲವೆಂದಲ್ಲ. ಬೇವಿನ ತುದಿ ಒಣಗುವ ರೋಗ ಈಚಿನ ವರ್ಷಗಳಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಎಷ್ಟು ಹಬ್ಬಿತೆಂದರೆ, ಮರವೇ ಸತ್ತಿತೆಂದು ಕೆಲವರು ಕಡಿದುಹಾಕಿದರು. ಅವುಗಳಲ್ಲಿ ಬಹಳಷ್ಟು ಮತ್ತೆ ಚಿಗುರುವಂಥವು. ಒಂದೇ ಜಾತಿಯನ್ನು ಹೊಲದ ತುಂಬ ನೆಡಬಾರದೆಂಬುದಕ್ಕೆ ಇಷ್ಟು ಸಾಕು.

ಕಮರ ಎಂಬ ಮರ

ಇನ್ನು ನನಗೆ ಪ್ರಿಯವಾದ ಮರದ ವಿಷಯ. ನಮ್ಮ ಒಣನಾಡಿನ ಹಳೆಯ ಒಕ್ಕಲೆಂದರೆ ಕಮರ. ಸಸ್ಯಶಾಸ್ತ್ರದಲ್ಲಿ ಹಾರ್ಡ್‌ವಿಕಿಯ ಬೈನಾಟ. ಎಲೆ ಎರಡಾಗಿ ಸೀಳಿದಂತೆ ಜೋಡಿಯಾಗಿರುವುದು ಅದರ ಗುರುತು. ದೇಶದ ಅತಿ ಭಾರದ ಮರಗಳಲ್ಲಿ ಒಂದು. ಒಣಗಿದ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಕಂಬ, ತೊಲೆ, ಗಾಡಿಯ ಭಾಗಗಳಿಗೆ ಹಿಂದೆ ಇದನ್ನೇ ಹುಡುಕುತ್ತಿದ್ದರು. ತೊಗಟೆಯ ನಾರಿನಿಂದ ಹಗ್ಗ, ಸೊಪ್ಪಿನಿಂದ ಬೇಸಿಗೆಯಲ್ಲಿ ದನಕ್ಕೆ ಮೇವು. ಬೇರೆ ಮರ ನಿಲ್ಲದ ಬಂಡೆಯ ಬಿರುಕಿನಲ್ಲಿ, ಗರಸಿನಲ್ಲಿ ಅದು ನಿಲ್ಲುತ್ತದೆ.

ಅದರ ಗುಟ್ಟು ಬಾಲ್ಯದಲ್ಲಿದೆ. ಕಮರದ ಬೀಜ ಮೊಳೆತಾಗ ಮೇಲಿನ ಗಿಡ ಗೇಣುದ್ದವಿರುವಾಗಲೇ ತಾಯಿಬೇರು ಅದರ ಹಲವು ಪಟ್ಟು ಆಳಕ್ಕೆ ಇಳಿದಿರುತ್ತದೆ. ಬೇಸಿಗೆ ಬಂದರೆ ಮೇಲಿನ ಕಾಂಡ ಒಣಗಿಹೋಗಬಹುದು, ಬೇರು ಸಾಯುವುದಿಲ್ಲ. ಮುಂದಿನ ಮಳೆಗೆ ಬುಡದಿಂದ ಮತ್ತೆ ಚಿಗುರು. ಹೀಗೆ ಕೆಲವು ವರ್ಷ ಸತ್ತಂತೆ ಕಂಡು ಎದ್ದು, ಬೇರು ತಕ್ಕಷ್ಟು ಕೆಳಗಿಳಿದ ಮೇಲೆ ಕಾಂಡ ಮೇಲೆದ್ದು ನಿಲ್ಲುತ್ತದೆ. ಇದನ್ನರಿಯದವರು ಮೊದಲ ಬೇಸಿಗೆಯಲ್ಲೇ ‘ಸಸಿ ಹೋಯಿತು’ ಎಂದು ಗುಂಡಿಯನ್ನು ಉತ್ತುಬಿಡುತ್ತಾರೆ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. 2022ರಲ್ಲಿ ತೋರಣಗಲ್ಲಿಗೆ ಸಮೀಪದ ಹಳ್ಳಿಯ ಹಿರಿಯ ರೈತರೊಬ್ಬರು ಗುಡ್ಡದಂಚಿನ ತಮ್ಮ ಬೀಳುಭೂಮಿಗೆ ಏನು ನೆಡಲಿ ಎಂದು ಕೇಳಿದರು. ನಾನು ಉತ್ಸಾಹದಿಂದ ಕಮರ ಎಂದೆ. ಸಿಕ್ಕ ಸಸಿಗಳು ಸಣ್ಣ ಚೀಲದವು, ವರ್ಷ ದಾಟಿದವು. ನೋಡಲು ಎತ್ತರವಾಗಿ ಚೆಂದವಾಗಿದ್ದವು. ನೆಟ್ಟೆವು. 2023ರ ಬರದಲ್ಲಿ ಹೆಚ್ಚಿನವು ಒಣಗಿದವು. ಬೇರಿನಿಂದ ಚಿಗುರುತ್ತವೆ ಎಂದು ನಾನು ಧೈರ್ಯ ಹೇಳಿದೆ, ಚಿಗುರಲಿಲ್ಲ. ಕೊನೆಗೆ ಯಜಮಾನರು ಒಂದು ಸಸಿಯನ್ನು ಕಿತ್ತು ನನ್ನ ಮುಂದೆ ಹಿಡಿದರು. ‘ನೋಡ್ರಿ ಸಾರ್, ಬೇರು ಇಳಿದೇ ಇಲ್ಲ. ಸಿಂಬಿ ಸುತ್ತಿಕೊಂಡು ಕುಂತೈತಿ’ ಎಂದರು. ನಿಜ. ಚೀಲದ ತಳಕ್ಕೆ ತಾಗಿದ ತಾಯಿಬೇರು ಸುರುಳಿ ಸುತ್ತಿತ್ತು. ಗುಂಡಿಗೆ ಬಂದ ಮೇಲೂ ಅದು ನೇರವಾಗಲಿಲ್ಲ. ಬರ ತಾಳುವ ಮರದ ಬರ ತಾಳುವ ಅಂಗವನ್ನೇ ನಾವು ಚೀಲದಲ್ಲಿ ಕಟ್ಟಿಹಾಕಿದ್ದೆವು. ಮುಂದಿನ ವರ್ಷ ಅವರು ಬೀಜವನ್ನೇ ಊರಿದರು. ಆ ಸಾಲುಗಳು ಈಗ ನೋಡಲು ಮೊಳಕಾಲೆತ್ತರವೂ ಇಲ್ಲ, ಆದರೆ ಬದುಕಿವೆ.

ಬೀಜ, ಕಾಲ ಮತ್ತು ಗುಂಡಿ

ಕಮರದ ಕಾಯಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಮಾಗುತ್ತದೆ. ತೆಳ್ಳನೆಯ ರೆಕ್ಕೆಯಂಥ ಕಾಯಿಯ ತುದಿಯಲ್ಲಿ ಒಂದೇ ಬೀಜ. ಪ್ರತಿ ವರ್ಷ ಹುಲುಸಾಗಿ ಬಿಡುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಮಾತ್ರ ತುಂಬ ಬಿಡುತ್ತದೆ. ಅಂಥ ವರ್ಷವನ್ನು ಬಿಡಬಾರದು. ಒಂದೇ ಮರದ ಕೆಳಗೆ ಗುಡಿಸಿ ತರದೆ, ದೂರದೂರದ ಹದಿನೈದು ಇಪ್ಪತ್ತು ಮರಗಳಿಂದ ಸ್ವಲ್ಪಸ್ವಲ್ಪ ಆಯ್ದು ಬೆರೆಸಬೇಕು. ಒಂದೇ ತಾಯಿಯ ಮಕ್ಕಳೆಲ್ಲ ಒಂದೇ ಬರಕ್ಕೆ ಸೋಲಬಹುದು; ಬೆರಕೆಯಲ್ಲಿ ಕೆಲವಾದರೂ ಗೆಲ್ಲುತ್ತವೆ.

ಬೇರೆ ದೇಶಗಳ ಓಕ್ ಪ್ರಯೋಗದಿಂದ ನಾವು ಕಲಿಯಬಹುದಾದದ್ದು ಇಲ್ಲಿದೆ. ನಾಡ ಮರವನ್ನು ಬಿಡಬೇಕಾಗಿಲ್ಲ. ಬೀಜದ ಮೂಲವನ್ನು ಸ್ವಲ್ಪ ವಿಸ್ತರಿಸಿದರೆ ಸಾಕು. ಬೀಜದಲ್ಲಿ ಹೆಚ್ಚಿನ ಪಾಲು ನಮ್ಮ ಗುಡ್ಡಗಳದ್ದಿರಲಿ. ಮೂರರಲ್ಲೊಂದು ಪಾಲು ನಮಗಿಂತ ಒಣಗಿದ ಸೀಮೆಯ ಕಮರದಿಂದ, ಅಂದರೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಡಿಮೆ ಮಳೆಯ ಭಾಗಗಳಿಂದ ಅಥವಾ ರಾಯಲಸೀಮೆಯಿಂದ ಬರಲಿ. ಈ ಪಾಲು ನನ್ನ ಅಂದಾಜು; ಕಟ್ಟಳೆಯೇನಲ್ಲ. ಯಾವ ಮೂಲದ್ದೆಂದು ಸಾಲಿನ ತುದಿಯ ಕಲ್ಲಿಗೆ ಬಣ್ಣದಲ್ಲಿ ಬರೆದಿಟ್ಟರೆ ಇಪ್ಪತ್ತು ವರ್ಷಗಳ ನಂತರ ಮಕ್ಕಳಿಗೆ ಉಪಯೋಗಕ್ಕೆ ಬರುತ್ತದೆ. ಬೇವು, ಹೊಂಗೆ, ದಿಂಡಿಗಗಳಿಗೂ ಇದೇ ಕ್ರಮ.

ಮುಂಗಾರಿನ ಮೊದಲ ಮಳೆಗೇ ನೆಡಬೇಕೆಂಬ ಸಲಹೆ ಮಲೆನಾಡಿನಿಂದ ಬಂದದ್ದು. ನಮ್ಮಲ್ಲಿ ಜೂನ್ ಮಳೆ ಆಸೆ ತೋರಿಸಿ ಜುಲೈಯಲ್ಲಿ ಕೈಕೊಡುವುದು ಸಾಮಾನ್ಯ. ಮಳೆ ಬಲಗೊಳ್ಳುವುದು ಹುಬ್ಬೆ, ಉತ್ತರೆಗಳಲ್ಲಿ. ಆದ್ದರಿಂದ ನೀರು ಹೊತ್ತು ಹಾಕುವ ಅನುಕೂಲ ಇಲ್ಲದವರು ಗುಂಡಿಗಳನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಟ್ಟು, ಆಶ್ಲೇಷ–ಮಘಾ ಮಳೆಯಲ್ಲಿ ನೆಲ ಚೆನ್ನಾಗಿ ನೆನೆದ ಮೇಲೆ ನೆಡುವುದು ಲೇಸು. ಗುಂಡಿ ಒಂದೂವರೆ ಅಡಿ ಉದ್ದಗಲ ಆಳವಿರಲಿ. ಅದರ ತಳದಲ್ಲಿ ಗರಸು ಗಟ್ಟಿಯಾಗಿದ್ದರೆ ಹಾರೆಯಿಂದ ಇನ್ನೂ ಒಂದಡಿ ಸಡಿಲಿಸಬೇಕು. ಬೇರಿಗೆ ದಾರಿ ಬೇಕಾದದ್ದು ಅಲ್ಲಿಯೇ. ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಇಳಿಜಾರಿನ ಕೆಳಬದಿಗೆ ಅರ್ಧಚಂದ್ರಾಕಾರದ ಬದು ಹಾಕಿದರೆ ಹರಿದುಹೋಗುವ ನೀರು ಅಲ್ಲೇ ಇಂಗುತ್ತದೆ. ಬುಡಕ್ಕೆ ಶೇಂಗಾ ಹೊಟ್ಟಿನ ಹೊದಿಕೆ ಹಾಕಬೇಕು. ಕಮರವಾದರೆ ಪ್ರತಿ ಗುಂಡಿಗೆ ಮೂರು ನಾಲ್ಕು ಬೀಜ ಊರಿ, ಕಡೆಗೆ ಒಂದನ್ನು ಉಳಿಸಿಕೊಳ್ಳಿ. ಸಸಿಯೇ ಬೇಕೆಂದರೆ ಉದ್ದನೆಯ ಚೀಲದಲ್ಲಿ ಬೆಳೆಸಿದ, ಕೆಲವೇ ತಿಂಗಳ ಎಳೆಯ ಸಸಿಯನ್ನು ಕೇಳಿ ಪಡೆಯಬೇಕು. ಎತ್ತರದ ಸಸಿಗೆ ಮರುಳಾಗಬಾರದು. ಚೀಲದ ತಳ ಒಡೆದು ಬೇರು ಹೊರಬಂದಿದ್ದರೆ ಆ ಸಸಿ ಬೇಡ.

ಯಾವ ನೆಲಕ್ಕೆ ಯಾವುದು?

ಗುಡ್ಡದಂಚಿನ ಗರಸು ನೆಲಕ್ಕೆ ಕಮರ, ದಿಂಡಿಗ, ನಡುನಡುವೆ ಸೀತಾಫಲ. ಸೀತಾಫಲ ಹೊರನಾಡಿನದಾದರೂ ನಾಲ್ಕೈದು ವರ್ಷದಲ್ಲಿ ಹಣ್ಣು ಕೊಟ್ಟು, ಕಮರ ಬೆಳೆಯುವತನಕ ರೈತನ ತಾಳ್ಮೆಯನ್ನು ಕಾಯುತ್ತದೆ. ಆಡು ಅದರ ಎಲೆಯನ್ನು ಮುಟ್ಟದಿರುವುದು ಇನ್ನೊಂದು ಲಾಭ. ಕೆಮ್ಮಣ್ಣಿನ ಹೊಲದ ಬದುವಿಗೆ ಬೇವು, ಹೊಂಗೆ, ಹುಣಸೆ. ಎರೆಭೂಮಿಯ ಬದುವಿಗೆ ಕರಿಜಾಲಿ, ಬನ್ನಿ. ಬನ್ನಿ ಎಂದರೆ ದಸರೆಯ ದಿನ ನೆನಪಾಗುವ ಮರ ಮಾತ್ರವಲ್ಲ. ರಾಜಸ್ಥಾನದ ರೈತರು ಅದನ್ನು ಹೊಲದ ನಡುವೆಯೇ ಉಳಿಸಿಕೊಂಡು ಅದರ ಕೆಳಗೆ ಸಜ್ಜೆ ಬೆಳೆಯುತ್ತಾರೆ. ಇದು ಬಳ್ಳಾರಿ ಜಾಲಿಯ ಕುಲದ್ದೇ ಆದರೂ ಊರನ್ನು ನುಂಗುವುದಿಲ್ಲ. ಗೊಬ್ಬರದ ಗಿಡವೆಂದು ಕರೆಯುವ ಗ್ಲಿರಿಸಿಡಿಯ ಹೊರದೇಶದ್ದು. ಬದುವಿನ ಮೇಲೆ ಸೊಪ್ಪಿಗಾಗಿ ಬೆಳೆದು ವರ್ಷಕ್ಕೆರಡು ಬಾರಿ ಕಡಿಯುತ್ತಿದ್ದರೆ ತೊಂದರೆಯಿಲ್ಲ.

ಸಂಡೂರಿನ ಗಣಿಮಣ್ಣಿನ ದಿಬ್ಬಗಳ ಮಾತು ಬೇರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, ಹಾಳಾದ ನೆಲವನ್ನು ಪುನಶ್ಚೇತನಗೊಳಿಸುವ ಯೋಜನೆಗಳನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿ ಗಿಡ ನೆಡುವ ಕೆಲಸಕ್ಕೆ ವೇಗ ಬಂದಿತು. ಅಂಥ ದಿಬ್ಬದಲ್ಲಿ ಮಣ್ಣೆಂಬುದೇ ಇರುವುದಿಲ್ಲ. ಅಲ್ಲಿ ಮೊದಲು ಜಾರುವ ಕಲ್ಲುಪುಡಿಯನ್ನು ಹಿಡಿದು ನಿಲ್ಲಿಸುವ, ಎಲೆ ಉದುರಿಸುವ ಯಾವ ಗಿಡವಾದರೂ ಸ್ವಾಗತವೆಂದೇ ನನ್ನ ಅಭಿಪ್ರಾಯ, ಅದು ಹೊರನಾಡಿನದಾದರೂ ಸರಿ, ಬಳ್ಳಾರಿ ಜಾಲಿಯೊಂದನ್ನು ಬಿಟ್ಟು. ನಾಡ ಮರಗಳನ್ನು ಅವುಗಳ ನೆರಳಿನಲ್ಲಿ ಆಮೇಲೆ ತರಬಹುದು. ಹೊರಗಿನ ಗಿಡವನ್ನೇ ನೆಟ್ಟು ‘ಕಾಡಾಯಿತು’ ಎಂದು ಲೆಕ್ಕ ಬರೆದು ಕೈತೊಳೆಯುವುದನ್ನು ಮಾತ್ರ ಒಪ್ಪಲಾಗದು.

ನೆಡದೆಯೂ ಮರ ಬರುತ್ತದೆ ಎಂಬುದನ್ನು ಮರೆಯಬಾರದು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಗುಡ್ಡಗಳನ್ನು ಹಿಂದೆ ಕಂಡವರಿಗೆ ಅವು ಎಷ್ಟು ಬೋಳಾಗಿದ್ದವೆಂದು ಗೊತ್ತು. ಮೇಯಿಸುವುದು, ಕಡಿಯುವುದು ನಿಂತ ಮೇಲೆ ಬಂಡೆಗಳ ಸಂದಿಯಲ್ಲಿ ಅಡಗಿದ್ದ ಹಳೆಯ ಬೇರುಗಳಿಂದಲೇ ಉಲುಪಿ, ಜಾನೆ, ಕವಳೆ ಪೊದೆಗಳು ಎದ್ದವು. ನಿಮ್ಮ ಬೀಳುಭೂಮಿಯಲ್ಲಿಯೂ ಹಾಗೆ ಕುರುಚಲಾಗಿ ಕುಳಿತ ಬೇರುಗಳಿರಬಹುದು. ಜೆ.ಸಿ.ಬಿ. ಯಂತ್ರ ತರಿಸಿ ಎಲ್ಲವನ್ನೂ ಬಳಿದು ಆಮೇಲೆ ಸಸಿ ನೆಡುವುದು, ಇದ್ದ ಹಸುವನ್ನು ಮಾರಿ ಕರು ಕೊಂಡಂತೆ. ಎರಡು ವರ್ಷ ಬೇಲಿ ಹಾಕಿ ನೋಡಿ, ಏನು ಏಳುತ್ತದೋ ಅದನ್ನು ಉಳಿಸಿಕೊಂಡು, ಖಾಲಿ ಜಾಗಗಳಲ್ಲಿ ಮಾತ್ರ ನೆಡಿ. ಬೇಲಿಗೆ ಬಳ್ಳಾರಿ ಜಾಲಿಯ ಮುಳ್ಳಿಗಿಂತ ಅಗ್ಗದ್ದಿಲ್ಲ. ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿದು ಬಳಸಬೇಕು. ಗಿಡವನ್ನೇ ತೆಗೆಯುವುದಾದರೆ ನೆಲದಿಂದ ಒಂದಡಿ ಕೆಳಗೆ ಬುಡವನ್ನು ಕತ್ತರಿಸಬೇಕು, ಇಲ್ಲವಾದರೆ ಮತ್ತೆ ಚಿಗುರುವುದು. ಅದರ ಕಾಯನ್ನು ದನಕ್ಕೆ ಹಾಕುವವರು ಬೀಜ ನುಚ್ಚಾಗುವಂತೆ ಗಿರಣಿಯಲ್ಲಿ ಒಡೆಸಿ, ಬೇರೆ ಮೇವಿನೊಡನೆ ಮಿತವಾಗಿ ಬೆರೆಸಿ ಹಾಕಲಿ.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತರಿಗೆ ಸಸಿಗಳು ಕಡಿಮೆ ದರದಲ್ಲಿ ಸಿಗುತ್ತವೆ. ಬದುಕುಳಿದ ಪ್ರತಿ ಸಸಿಗೆ ಮೂರು ವರ್ಷ ಪ್ರೋತ್ಸಾಹಧನ ಕೊಡಲಾಗುತ್ತದೆ. ದರ ಮತ್ತು ನಿಯಮಗಳು ಆಗಾಗ ಬದಲಾಗುವುದರಿಂದ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿಯೇ ವಿಚಾರಿಸಬೇಕು. ಸಸ್ಯಕ್ಷೇತ್ರಗಳು ಬೇಡಿಕೆ ಇದ್ದ ಜಾತಿಯನ್ನೇ ಬೆಳೆಸುತ್ತವೆ. ಕಮರ, ದಿಂಡಿಗ ಬೇಕೆಂಬವರು ಜೂನ್‌ನಲ್ಲಿ ಹೋಗಿ ಕೇಳಿದರೆ ಸಿಗಲಾರದು; ಬೀಜ ಕೂಡಿಸುವ ಮೊದಲೇ, ಸಂಕ್ರಾಂತಿಯ ಹೊತ್ತಿಗೆ ಹೋಗಿ ಎಷ್ಟು ಸಸಿ ಬೇಕು, ಯಾವ ಅಳತೆಯ ಚೀಲದಲ್ಲಿ ಬೇಕು ಎಂದು ಬರೆದುಕೊಟ್ಟು ಬರಬೇಕು. ನಾಲ್ಕು ಜನ ಸೇರಿ ಒಟ್ಟಾಗಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.